ನೌಕಾಪದಕವೂ ಸಾಮಾನ್ಯ ನಾವಿಕನೂ

1847ನೆಯ ಇಸವಿ ಜೂನ್ ತಿಂಗಳ 1ನೆಯ ತಾರೀಖಿನಂದು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆಯಾದ ಲಂಡನ್ ಗೆಜೆಟ್ಟಿನಲ್ಲಿ ಒಂದು ಪ್ರಕಟಣೆ ಹೊರಟಿತು. 1793ರಲ್ಲಿ ಫ್ರಾನ್ಸಿನೊಡನೆ ತೊಡಗಿ ನೆಪೋಲಿಯನ್ನನ ಪತನದೊಡನೆ 1815ರಲ್ಲಿ ಕೊನೆಗೊಂಡ ದೀರ್ಘಯುದ್ಧದಲ್ಲಿ ಸಮುದ್ರದ ಮೇಲೆ ಹೋರಾಡಿ, ಆ ವೇಳೆಗೆ ಇನ್ನೂ ಜೀವಂತರಾಗಿ ಉಳಿದಿದ್ದ ನೌಕಾಸೈನ್ಯದವರೆಲ್ಲರಿಗೂ, ಅವರ ಪದವಿ ಯಾವುದೇ ಆಗಿರಲಿ, ಒಂದು ಬೆಳ್ಳಿಯ ಪದಕವನ್ನು ಕೊಡಲಾಗುವುದೆಂಬುದೇ ಆ ಪ್ರಕಟಣೆಯ ಸಾರಾಂಶ. ದಿನಾಂಕವೂ ಅರ್ಥವತ್ತಾದುದು: ಆ ಯುದ್ಧದ ಮೊದಲನೆಯ ಮಹಾ ನೌಕಾಸಮರವು ಅಟ್ಲಾಂಟಿಕ್ ಸಾಗರದಲ್ಲಿ ನಡೆದದ್ದು 1794ರ ಜೂನ್ 1ರಂದು. ಅಂದು ಇಪ್ಪತ್ತರ ತರುಣನಾಗಿದ್ದವನಿಗೆ ಪ್ರಕಟಣೆಯ ದಿನ ಎಪ್ಪತ್ತಮೂರು ತುಂಬಿತ್ತು. ಅರ್ಧ ಶತಮಾನಕ್ಕೂ ಮೀರಿದ ವಿಲಂಬದ ಅನಂತರ ರಾಜ್ಯವು ತನ್ನ ನಾವಿಕರನ್ನು ನೆನೆದುಕೊಂಡಿತು.

ಈ ಪದಕಕ್ಕೆ ‘ನೇವಲ್ ಜನರಲ್ ಸರ್ವಿಸ್ ಮೆಡಲ್’ ಎಂದು ಹೆಸರು; ಸಾಮಾನ್ಯ ನೌಕಾಸೇವಾ ಪದಕವೆಂದು ನಾವು ಕರೆಯಬಹುದು. ಬ್ರಿಟಿಷ್ ಟಂಕಸಾಲೆಯ ಪ್ರಖ್ಯಾತ ಶಿಲ್ಪಿಯಾದ ವಿಲಿಯಮ್ ವಯನ್ ಇದನ್ನು ರೂಪಿಸಿದನು. 36 ಮಿಲಿಮೀಟರ್ ವ್ಯಾಸದ ಬೆಳ್ಳಿಯ ಬಿಲ್ಲೆ. ಅದರ ಮುಂಭಾಗದಲ್ಲಿ ತರುಣಿಯಾದ ವಿಕ್ಟೋರಿಯಾ ರಾಣಿಯ ಮುಖವೂ 1848 ಎಂಬ ಇಸವಿಯೂ. ಹಿಂಭಾಗದಲ್ಲಿ ಕೈಯಲ್ಲಿ ತ್ರಿಶೂಲವನ್ನು ಧರಿಸಿ ಸಮುದ್ರಾಶ್ವದ ಮೇಲೆ ಕುಳಿತ ಬ್ರಿಟಾನಿಯಾ ದೇವಿ. ಕಡುನೀಲಿಯ ಅಂಚುಳ್ಳ ಬಿಳಿಯ ರಿಬ್ಬನ್ನಿನಿಂದ ಅದನ್ನು ಎದೆಯ ಮೇಲೆ ತೂಗುಬಿಡಬೇಕು. ರಿಬ್ಬನ್ನಿಗೆ ಅಡ್ಡಲಾಗಿ ಸಣ್ಣ ಸಣ್ಣ ಬೆಳ್ಳಿಪಟ್ಟಿಗಳನ್ನು ಜೋಡಿಸುತ್ತಿದ್ದರು. ಧರಿಸಿದವನು ಯಾವ ಯಾವ ಕದನದಲ್ಲಿ ಭಾಗವಹಿಸಿದ್ದನೆಂಬುದನ್ನು ಆ ಪಟ್ಟಿಗಳ ಮೇಲಿನ ಅಕ್ಷರಗಳು ಹೇಳುತ್ತಿದ್ದುವು. ಟ್ರಫಾಲ್ಗರಿನ ಸಮರ ನಡೆದದ್ದು 1805ರಲ್ಲಿ, ವಿಕ್ಟೋರಿಯಾ ಹುಟ್ಟಿದ್ದು 1819ರಲ್ಲಿ ಎಂಬುದನ್ನು ನೆನೆದರೆ, ಆ ನಾವಿಕರು ಯಾವ ದೊರೆಯ ಹೆಸರಿನಲ್ಲಿ ರಕ್ತವನ್ನು ಸುರಿಸಿದರೋ ಆ ದೊರೆಯೂ, ಅವನ ಬಳಿಕ ಆಳಿದ ಇಬ್ಬರು ಮಕ್ಕಳೂ ಗತಿಸಿದ ಮೇಲೆ, ಆ ಕದನಗಳ ಕಾಲಕ್ಕೆ ಇನ್ನೂ ಜನಿಸದೆ ಇದ್ದ ಮೊಮ್ಮಗಳ ಕೈಯಿಂದ ಅವರಿಗೆ ಕೃತಜ್ಞತೆ ಸಂದಿತೆಂಬುದು ಸ್ಪಷ್ಟವಾಗುತ್ತದೆ.

ಆದರೂ ಈ ಪದಕದಲ್ಲಿ ಒಂದು ಅಪೂರ್ವವಾದ ನ್ಯಾಯವಿದೆ. ನೌಕಾಧಿಪತಿಗೂ, ಹಾಯಿಯ ಹಗ್ಗವನ್ನೆಳೆದ ಅನಾಮಧೇಯನಿಗೂ, ಕದನದ ಹೊಗೆಯಲ್ಲಿ ಮದ್ದಿನ ಚೀಲಗಳನ್ನು ಹೊತ್ತು ಓಡಾಡಿದ ಹುಡುಗನಿಗೂ ಅದು ಒಂದೇ ಲೋಹದ್ದು, ಒಂದೇ ತೂಕದ್ದು, ಒಂದೇ ಮುದ್ರೆಯದು. ಈ ಸಮಾನತೆ ಇಂದು ನಮಗೆ ಸಹಜವೆನ್ನಿಸಬಹುದು. ಆ ಕಾಲದ ಹಡಗಿನ ಬಾಳನ್ನು ಅರಿತವರಿಗೆ ಮಾತ್ರ ಅದು ಎಷ್ಟು ದೂರದಿಂದ ನಡೆದುಬಂದ ನ್ಯಾಯವೆಂಬುದು ತಿಳಿದೀತು.

ಹದಿನೆಂಟನೆಯ ಶತಮಾನದ ಬ್ರಿಟಿಷ್ ನೌಕಾಸೈನ್ಯದಲ್ಲಿ ಸಾಮಾನ್ಯ ನಾವಿಕನೆಂದರೆ ಯಾರು? ಸ್ವಂತ ಇಚ್ಛೆಯಿಂದ ಬಂದು ಸೇರಿದವರು ಅನೇಕರಿದ್ದರು. ಬಲಾತ್ಕಾರದಿಂದ ಹಿಡಿದು ತರಲ್ಪಟ್ಟವರೂ ಅನೇಕರಿದ್ದರು. ಯುದ್ಧ ಬಂದಿತೆಂದರೆ ಸಮುದ್ರದ ಕಸುಬನ್ನು ಬಲ್ಲ ಗಂಡಸರನ್ನು ಬಂದರಿನ ಬೀದಿಗಳಲ್ಲಿಯೂ, ಮರಳಿ ಬರುತ್ತಿದ್ದ ವ್ಯಾಪಾರದ ಹಡಗುಗಳಲ್ಲಿಯೂ ಹುಡುಕಿ ಹಿಡಿದು ಯುದ್ಧನೌಕೆಗೆ ಒಯ್ಯುವುದಕ್ಕಾಗಿಯೇ ಸರ್ಕಾರದ ತಂಡಗಳಿದ್ದುವು. ವರ್ಷಗಟ್ಟಲೆ ಪರದೇಶಗಳಲ್ಲಿ ಸುತ್ತಿ, ಇನ್ನೇನು ಹೆಂಡತಿ ಮಕ್ಕಳ ಮುಖವನ್ನು ಕಾಣುವೆನೆಂದು ಹಂಬಲಿಸುತ್ತ ತವರುಬಂದರನ್ನು ಮುಟ್ಟುವ ಹೊತ್ತಿಗೆ, ದಡಕ್ಕೆ ಇಳಿಯಗೊಡದೆಯೇ ಅವನನ್ನು ಮತ್ತೊಂದು ಹಡಗಿಗೆ ದಾಟಿಸಿಬಿಡುತ್ತಿದ್ದರು. ಹಡಗಿನಲ್ಲಿ ಅವನಿಗೆ ಗೊತ್ತುಮಾಡಿದ್ದ ಮಲಗುವ ಜಾಗದ ಅಗಲ 14 ಅಂಗುಲ. ತೊಲೆಯಿಂದ ತೊಲೆಗೆ ಕಟ್ಟಿದ ಕ್ಯಾನ್ವಾಸಿನ ತೂಗುಹಾಸಿಗೆಯೇ ಅವನ ಶಯ್ಯೆ. ಗಟ್ಟಿ ಬಿಸ್ಕತ್ತು, ಉಪ್ಪುಹಾಕಿದ ಮಾಂಸ, ಒಣಬಟಾಣಿ, ಓಟ್ಸಿನ ಅಂಬಲಿ, ಇವು ಅವನ ಆಹಾರ. ಅಪರಾಧಕ್ಕೆ ಬೆನ್ನಿನ ಮೇಲೆ ಚಾವಟಿಯ ಏಟು. ಕಸುಬಿನಲ್ಲಿ ನಿಪುಣನಾದವನಿಗೂ ತಿಂಗಳಿಗೆ 24 ಷಿಲಿಂಗು ಸಂಬಳ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ನಿಗದಿಯಾದ ಆ ಮೊತ್ತವು, 1797ರಲ್ಲಿ ಸ್ಪಿಟ್‌ಹೆಡ್ ಲಂಗರುನೆಲೆಯಲ್ಲಿ ನಾವಿಕರೆಲ್ಲ ಒಟ್ಟಾಗಿ ಹಡಗುಗಳನ್ನು ಹೊರಡಿಸಲು ನಿರಾಕರಿಸುವವರೆಗೆ, ಸುಮಾರು ಒಂದೂವರೆ ಶತಮಾನದಷ್ಟು ಕಾಲ ಒಂದು ಕಾಸೂ ಏರದೆ ಹಾಗೆಯೇ ನಿಂತಿತ್ತು.

ಕದನದಲ್ಲಿ ಅವನ ಪಾಡನ್ನು ಊಹಿಸಿಕೊಳ್ಳುವುದೂ ಕಷ್ಟ. ದೊಡ್ಡ ಯುದ್ಧನೌಕೆಯ ಕೆಳ ಅಂತಸ್ತಿನಲ್ಲಿ ಮೂವತ್ತೆರಡು ಪೌಂಡಿನ ಗುಂಡನ್ನು ಹಾರಿಸುವ, ಎರಡೂವರೆ ಟನ್ನಿಗೂ ಮಿಕ್ಕಿ ತೂಗುವ ತೋಪುಗಳ ಸಾಲು. ಒಂದೊಂದನ್ನು ತುಂಬಿ, ಎಳೆದು, ಗುರಿಯಿಟ್ಟು ಹಾರಿಸುವುದಕ್ಕೆ ಹನ್ನೆರಡು ಹದಿನಾಲ್ಕು ಮಂದಿ ಬೇಕು. ತಗ್ಗಾದ ಛಾವಣಿ, ಕಣ್ಣು ಕಾಣದಂತಹ ಹೊಗೆ, ಕಿವಿ ಕಿವುಡಾಗುವಂತಹ ಸಪ್ಪಳ. ರಕ್ತದಲ್ಲಿ ಕಾಲು ಜಾರದಿರಲೆಂದು ನೆಲಕ್ಕೆ ಮೊದಲೇ ಚೆಲ್ಲಿದ ಮರಳು. ಗುಂಡು ತಗುಲಿ ಸಿಡಿದ ಮರದ ಸೀಳುಗಳು ಗುಂಡಿಗಿಂತಲೂ ಹೆಚ್ಚು ಜನರನ್ನು ಘಾಸಿಗೊಳಿಸುತ್ತಿದ್ದುವು. ಹೀಗಿದ್ದರೂ ನಾವಿಕನ ಪರಮಶತ್ರು ಫ್ರೆಂಚನಾಗಲಿ ಸ್ಪೇನಿನವನಾಗಲಿ ಆಗಿರಲಿಲ್ಲ. ಆ ದೀರ್ಘಯುದ್ಧದಲ್ಲಿ ಮಡಿದ ಬ್ರಿಟಿಷ್ ನಾವಿಕರಲ್ಲಿ ಬಹುಪಾಲಿನವರನ್ನು ಕೊಂಡೊಯ್ದದ್ದು ಜ್ವರ, ಅಪಘಾತ, ಬಿರುಗಾಳಿ ಮತ್ತು ನೌಕಾಭಂಗಗಳೇ. ವೈರಿಯ ಗುಂಡಿಗೆ ಬಲಿಯಾದವರ ಸಂಖ್ಯೆ ಅಲ್ಪವಾದುದು. ಕದನಗಳ ಹೆಸರನ್ನು ಮಾತ್ರ ಹೊತ್ತ ಬೆಳ್ಳಿಪಟ್ಟಿಗಳು, ಹಾಯಿಹಡಗಿನ ದಿನದಿನದ ಬವಣೆಯಲ್ಲಿ ಸವೆದುಹೋದ ಈ ಬಹುಜನರ ವಿಷಯದಲ್ಲಿ ಮೂಕವಾಗಿವೆ.

ಇಂತಹ ಸಾಮಾನ್ಯರಲ್ಲಿ ತನ್ನ ಕಥೆಯನ್ನು ನಮಗಾಗಿ ಉಳಿಸಿಹೋದ ಕೆಲವೇ ಮಂದಿಯಲ್ಲಿ ಜಾನ್ ನಿಕಲ್ ಒಬ್ಬನು. 1755ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದ ಸಮೀಪದ ಕರಿ ಎಂಬ ಗ್ರಾಮದಲ್ಲಿ ಜನಿಸಿದ ಈತನು ಪೀಪಾಯಿಗಳನ್ನು ಕಟ್ಟುವ ಕಸುಬನ್ನು ಕಲಿತು, ಆ ಕಸುಬಿನ ಬಲದಿಂದಲೇ ಸಮುದ್ರವನ್ನು ಸೇರಿದನು. ತಿಮಿಂಗಿಲದ ಬೇಟೆಗೆ ಗ್ರೀನ್‌ಲೆಂಡಿಗೆ ಹೋದನು; ಎರಡು ಬಾರಿ ಭೂಮಂಡಲವನ್ನು ಸುತ್ತಿದನು; ಶಿಕ್ಷೆಗೊಳಗಾದ ಸ್ತ್ರೀಯರನ್ನು ಆಸ್ಟ್ರೇಲಿಯಕ್ಕೆ ಸಾಗಿಸಿದ ಲೇಡಿ ಜೂಲಿಯಾನ ಹಡಗಿನಲ್ಲಿ ಸಾರಾ ವಿಟ್ಲಮ್ ಎಂಬವಳನ್ನು ಪ್ರೀತಿಸಿ, ಅವಳನ್ನು ಅಲ್ಲಿಯೇ ಬಿಟ್ಟು ಬರಬೇಕಾಗಿ ಬಂದು, ಮತ್ತೆ ಅವಳಿದ್ದೆಡೆಯನ್ನು ಮುಟ್ಟಲು ಅನೇಕ ವರ್ಷ ಹಡಗಿನಿಂದ ಹಡಗಿಗೆ ಅಲೆದನು. ಚೀನಾದಿಂದ ಮರಳಿ ಬರುತ್ತಿದ್ದಾಗ ಸರ್ಕಾರದ ತಂಡವು ಅವನನ್ನು ಹಿಡಿದು ನೌಕಾಸೈನ್ಯಕ್ಕೆ ಸೇರಿಸಿತು. ಹೀಗೆ ಅವನು ಗೋಲಿಯಾತ್ ಎಂಬ ಯುದ್ಧನೌಕೆಗೆ ಬಂದು, 1797ರ ಸೇಂಟ್ ವಿನ್ಸೆಂಟ್ ಸಮರದಲ್ಲಿಯೂ 1798ರ ನೈಲ್ ಸಮರದಲ್ಲಿಯೂ ಪಾಲ್ಗೊಂಡನು.

ನೈಲ್ ಸಮರ ನಡೆದದ್ದು 1798ರ ಆಗಸ್ಟ್ 1ರ ಸಂಜೆ, ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ. ನೆಪೋಲಿಯನ್ನನನ್ನು ಈಜಿಪ್ಟಿಗೆ ತಂದಿಳಿಸಿದ ಫ್ರೆಂಚ್ ನೌಕಾಪಡೆಯ 13 ಮಹಾನೌಕೆಗಳು ದಡಕ್ಕೆ ಸಮಾನಾಂತರವಾಗಿ ಸಾಲಾಗಿ ಲಂಗರು ಹಾಕಿ ನಿಂತಿದ್ದುವು. ಸಾಲಿಗೂ ದಡಕ್ಕೂ ನಡುವೆ ಆಳ ಸಾಲದೆಂದು ನಂಬಿ ಫ್ರೆಂಚರು ಆ ಕಡೆಯ ರಕ್ಷಣೆಯನ್ನು ಉಪೇಕ್ಷಿಸಿದ್ದರು. ಕ್ಯಾಪ್ಟನ್ ಥಾಮಸ್ ಫೋಲಿಯ ನೇತೃತ್ವದಲ್ಲಿ ಎಲ್ಲಕ್ಕೂ ಮುಂದಾಗಿ ನುಗ್ಗಿದ ಗೋಲಿಯಾತ್ ನೌಕೆಯು ಸಾಲಿನ ತುದಿಯನ್ನು ಬಳಸಿ ಆ ಒಳಭಾಗಕ್ಕೇ ಹೊಕ್ಕಿತು. ಅದನ್ನು ಹಿಂಬಾಲಿಸಿ ಬೇರೆ ಹಡಗುಗಳೂ ಹೊಕ್ಕುವು. ಎರಡು ಪಾರ್ಶ್ವಗಳಿಂದಲೂ ಮುತ್ತಿಗೆಗೊಳಗಾದ ಫ್ರೆಂಚ್ ಸಾಲು ರಾತ್ರಿಯಿಡೀ ಒಂದೊಂದಾಗಿ ಮುರಿದುಬಿತ್ತು. ರಾತ್ರಿ ಸುಮಾರು ಹತ್ತು ಗಂಟೆಗೆ ಫ್ರೆಂಚರ ಧ್ವಜನೌಕೆಯಾದ ಲೋರಿಯಾಂ ಬೆಂಕಿ ಹತ್ತಿ ಸಿಡಿದುಹೋಯಿತು. ಹದಿಮೂರರಲ್ಲಿ ಹನ್ನೊಂದು ನೌಕೆಗಳು ಸೆರೆಯಾದುವು ಇಲ್ಲವೆ ನಾಶವಾದುವು. ವಿಜಯಿಗಳಾದ ಬ್ರಿಟಿಷರಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 900 ಮಂದಿ.

ಇತಿಹಾಸವನ್ನೇ ತಿರುಗಿಸಿದ ಈ ರಾತ್ರಿಯನ್ನು ಜಾನ್ ನಿಕಲ್ ಕಣ್ಣಾರೆ ಕಾಣಲಿಲ್ಲ. ಅವನ ಸ್ಥಾನ ನೀರಿನ ಮಟ್ಟಕ್ಕೂ ಕೆಳಗಿದ್ದ ಮದ್ದಿನ ಕೋಣೆಯಲ್ಲಿ. ಒಂದು ಕಿಡಿ ತಗುಲಿದರೂ ಹಡಗೇ ಸಿಡಿಯಬಹುದಾದ ಆ ಕತ್ತಲೆಯ ಗೂಡಿನಲ್ಲಿ ನಿಂತು, ಮೇಲಿನ ತೋಪುಗಳಿಗೆ ಮದ್ದನ್ನು ಎಡೆಬಿಡದೆ ಒದಗಿಸುವುದು ಅವನ ಕೆಲಸ. ಮೇಲೆ ಏನಾಗುತ್ತಿದೆಯೆಂಬುದನ್ನು ಮದ್ದನ್ನು ಕೊಂಡೊಯ್ಯಲು ಬರುತ್ತಿದ್ದ ಹುಡುಗರ ಮತ್ತು ಹೆಂಗಸರ ಬಾಯಿಂದ ಕೇಳಿಯೇ ಅವನು ತಿಳಿಯಬೇಕಾಗಿತ್ತು. ಲೋರಿಯಾಂ ಸಿಡಿದಾಗ ಉಂಟಾದ ಕಂಪನಕ್ಕೆ ತಮ್ಮ ಹಡಗಿನ ಹಿಂಭಾಗವೇ ಸಿಡಿಯಿತೆಂದು ಅವನೂ ಅವನ ಸಂಗಡಿಗರೂ ಭ್ರಮಿಸಿದರು. ಹೌದು, ಯುದ್ಧನೌಕೆಗಳಲ್ಲಿ ಹೆಂಗಸರೂ ಇರುತ್ತಿದ್ದರು. ಅಧಿಕೃತ ಯಾದಿಗಳಲ್ಲಿ ಹೆಸರಿಲ್ಲದೆ, ಗಂಡಂದಿರ ಜೊತೆಯಲ್ಲಿ ಪ್ರಯಾಣ ಮಾಡುತ್ತ, ಕದನ ಬಂದಾಗ ಮದ್ದನ್ನು ಹೊತ್ತು, ಗಾಯಾಳುಗಳಿಗೆ ಪಟ್ಟಿ ಕಟ್ಟಿ ಶುಶ್ರೂಷೆ ಮಾಡುತ್ತಿದ್ದ ಇವರಲ್ಲಿ ಕೆಲವರು ಆ ರಾತ್ರಿ ಗಾಯಗೊಂಡರೆಂದೂ, ಒಬ್ಬಳು ಮಡಿದು ಕೊಲ್ಲಿಯ ದ್ವೀಪವೊಂದರಲ್ಲಿ ಮಣ್ಣಾದಳೆಂದೂ, ಮತ್ತೊಬ್ಬಳು ಕದನದ ತುಮುಲದ ನಡುವೆಯೇ ಗಂಡುಮಗುವನ್ನು ಹೆತ್ತಳೆಂದೂ ನಿಕಲ್ ದಾಖಲಿಸಿದ್ದಾನೆ. ಯಾವ ಸೇನಾಪತಿಯ ವರದಿಯಲ್ಲಿಯೂ ದೊರೆಯದ ಈ ಸತ್ಯಗಳು ಮದ್ದಿನ ಕೋಣೆಯ ಪೀಪಾಯಿಗಾರನೊಬ್ಬನ ನೆನಪಿನಿಂದ ನಮಗೆ ಲಭಿಸಿವೆ.

ಅಬೂಕಿರ್ ಕೊಲ್ಲಿಯ ಈ ಕದನಕ್ಕೂ ನಮ್ಮ ಕಾವೇರಿಯ ತೀರಕ್ಕೂ ನಿಜವಾದ ಸಂಬಂಧವುಂಟು. ಈಜಿಪ್ಟಿಗೆ ಬಂದ ನೆಪೋಲಿಯನ್ನನ ದೃಷ್ಟಿ ಭಾರತದ ಕಡೆಗೂ ಇದ್ದಿತು; 1799ರ ಜನವರಿಯಲ್ಲಿ ಅವನು ಕೈರೋ ನಗರದಿಂದ ಟೀಪೂ ಸುಲ್ತಾನನಿಗೆ ಬರೆದ ಪತ್ರವು ಶ್ರೀರಂಗಪಟ್ಟಣವನ್ನು ತಲಪದೆ ನಡುದಾರಿಯಲ್ಲಿಯೇ ಬ್ರಿಟಿಷರ ಕೈ ಸೇರಿತು. ನೈಲ್ ಸಮರದಲ್ಲಿ ಬ್ರಿಟಿಷರ ಸೇನಾಪತಿಯಾಗಿದ್ದ ನೆಲ್ಸನ್ ಈ ಅಪಾಯವನ್ನು ಮುಂಚೆಯೇ ಗ್ರಹಿಸಿದ್ದು, ವಿಜಯವಾದ ಕೂಡಲೆ ಆ ವಾರ್ತೆಯನ್ನು ನೆಲಮಾರ್ಗವಾಗಿ ಮುಂಬಯಿಗೆ ಮುಟ್ಟಿಸಲು ಒಬ್ಬ ಅಧಿಕಾರಿಯನ್ನು ಕಳುಹಿಸಿದನು. ಈಸ್ಟ್ ಇಂಡಿಯಾ ಕಂಪನಿಯು ಕೃತಜ್ಞತಾಪೂರ್ವಕವಾಗಿ ನೆಲ್ಸನ್ನನಿಗೆ 10,000 ಪೌಂಡುಗಳನ್ನು ಅರ್ಪಿಸಿತು. ಫ್ರೆಂಚ್ ನೌಕಾಪಡೆ ನಾಶವಾಗಿ ನೆಪೋಲಿಯನ್ನನ ಸೈನ್ಯವು ಈಜಿಪ್ಟಿನಲ್ಲಿಯೇ ಸಿಕ್ಕಿಬಿದ್ದ ಒಂಬತ್ತು ತಿಂಗಳಿಗೆ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆ ಬಿದ್ದು ಟೀಪೂ ಹತನಾದನು.

ಪದಕಗಳ ಚರಿತ್ರೆಯಲ್ಲಿಯೂ ಈ ಎರಡು ಘಟನೆಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ನೈಲ್ ವಿಜಯಕ್ಕೆ ಸರ್ಕಾರವು ಚಿನ್ನದ ಪದಕವನ್ನು ಕೊಟ್ಟದ್ದು ಸೇನಾಪತಿಗೂ ನೌಕೆಗಳ ಕ್ಯಾಪ್ಟನ್ನರಿಗೂ ಮಾತ್ರ. ನಾವಿಕರಿಗೂ ಏನಾದರೂ ಸಲ್ಲಬೇಕೆಂದು ಯೋಚಿಸಿದವನು ಖಾಸಗಿ ಗೃಹಸ್ಥನೊಬ್ಬ: ನೆಲ್ಸನ್ನನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಅಲೆಗ್ಸಾಂಡರ್ ಡೇವಿಸನ್. ಅವನು ತನ್ನ ಸ್ವಂತ ಹಣದಿಂದ ಪದಕಗಳನ್ನು ಮಾಡಿಸಿ, ಹಿರಿಯರಿಗೆ ಚಿನ್ನ, ಲೆಫ್ಟೆನೆಂಟರಿಗೆ ಬೆಳ್ಳಿ, ಕೆಳಗಿನ ಅಧಿಕಾರಿಗಳಿಗೆ ಚಿನ್ನದ ಲೇಪವಿತ್ತ ಕಂಚು, ನಾವಿಕರಿಗೆ ಬರಿಯ ಕಂಚು, ಹೀಗೆ ತರತಮದಿಂದ ಹಂಚಿದನು. ಆ ಪದಕದ ಅಚ್ಚನ್ನು ಕೊರೆದವನು ಕುಕ್ಲರ್ ಎಂಬ ಶಿಲ್ಪಿ. ಮುದ್ರಿಸಿದ್ದು ಬರ್ಮಿಂಗ್‌ಹ್ಯಾಮ್ ನಗರದ ಸೋಹೋ ಎಂಬಲ್ಲಿದ್ದ ಮ್ಯಾಥ್ಯೂ ಬೋಲ್ಟನ್ನನ ಟಂಕಶಾಲೆಯಲ್ಲಿ. ಶ್ರೀರಂಗಪಟ್ಟಣದ ಪತನಕ್ಕಾಗಿ ಕಂಪನಿಯು ಮಾಡಿಸಿದ ಪದಕಕ್ಕೂ ಅದೇ ಕುಕ್ಲರನೇ ಶಿಲ್ಪಿ, ಅದೇ ಸೋಹೋ ಟಂಕಶಾಲೆಯೇ ಮೂಲ. ಹುಲಿಯನ್ನು ಮೆಟ್ಟಿ ನಿಂತ ಸಿಂಹದ ಚಿತ್ರವುಳ್ಳ ಆ ಪದಕವನ್ನು ಯುರೋಪಿಯನ್ನರಿಗೂ ಭಾರತೀಯ ಸಿಪಾಯಿಗಳಿಗೂ ಹಂಚಲಾಯಿತು. ಆದರೆ ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂಬ ಐದು ಮೆಟ್ಟಿಲುಗಳಲ್ಲಿ. ಕೋಟೆಯ ಬಿರುಕನ್ನು ಹತ್ತಿ ಪ್ರಾಣವನ್ನು ಪಣಕ್ಕೊಡ್ಡಿದ ಸಾಮಾನ್ಯ ಸಿಪಾಯಿಯ ಪಾಲಿಗೆ ಬಂದದ್ದು ತವರ. ಟ್ರಫಾಲ್ಗರಿನ ಅನಂತರ ಬೋಲ್ಟನ್ ತಾನೇ ಕೊಟ್ಟ ಪದಕವೂ ನಾವಿಕರಿಗೆ ಅಗ್ಗದ ಲೋಹದಲ್ಲಿಯೇ ಬಂದಿತು. ಅದನ್ನು ಅವಮಾನವೆಂದು ಭಾವಿಸಿ ಕೆಲವರು ಸಮುದ್ರಕ್ಕೆ ಎಸೆದರೆಂಬ ಪ್ರತೀತಿಯೂ ಉಂಟು. ಸಾವಿನ ಮುಂದೆ ಸಮಾನರಾಗಿ ನಿಂತವರನ್ನು ಗೌರವದ ಮುಂದೆ ಲೋಹದಿಂದ ವಿಂಗಡಿಸುವುದು ಆ ಯುಗದ ಧರ್ಮವಾಗಿತ್ತು.

ಈ ಪದ್ಧತಿಯನ್ನು ಮೊದಲು ಮುರಿದದ್ದು ವಾಟರ್ಲೂ. 1815ರ ಆ ಸಮರದಲ್ಲಿ ಭಾಗವಹಿಸಿದ ಪ್ರತಿಯೊಬ್ಬ ಬ್ರಿಟಿಷ್ ಸೈನಿಕನಿಗೂ, ಅಧಿಕಾರಿಯೆಂದೂ ಜವಾನನೆಂದೂ ಭೇದವೆಣಿಸದೆ, ಸರ್ಕಾರವು ಬೆಳ್ಳಿಯ ಪದಕವನ್ನು ಕೊಟ್ಟಿತು. ಮಡಿದವರ ಪದಕಗಳು ಅವರ ಕುಟುಂಬಗಳನ್ನು ಸೇರಿದುವು. ಆ ಒಂದು ದಿನದ ಕಾಳಗದಲ್ಲಿದ್ದ ಹೊಸಬನ ಎದೆಯ ಮೇಲೆ ಪದಕ ಹೊಳೆಯುತ್ತಿರಲು, ಸ್ಪೇನಿನ ಬೆಟ್ಟಗಳಲ್ಲಿ ವರ್ಷಗಟ್ಟಲೆ ಹೋರಾಡಿದ ಸೈನಿಕನೂ, ಇಪ್ಪತ್ತು ವರ್ಷ ಸಮುದ್ರವನ್ನು ಕಾಯ್ದ ನಾವಿಕನೂ ಬರಿಯ ಎದೆಯಲ್ಲಿ ನಿಂತುದು ಸಹಿಸಲಾಗದ ಅನ್ಯಾಯವಾಗಿ ಕಂಡಿತು. ರಿಚ್‌ಮಂಡ್ ಡ್ಯೂಕನಂಥವರು ಪಾರ್ಲಿಮೆಂಟಿನಲ್ಲಿ ಹಳೆಯ ಯೋಧರ ಪರವಾಗಿ ವರ್ಷಗಳ ಕಾಲ ವಾದಿಸಿದರು. ಕಡೆಗೆ ಭೂಸೈನ್ಯಕ್ಕೂ ನೌಕಾಸೈನ್ಯಕ್ಕೂ ಒಟ್ಟಿಗೆ ಅನುಮತಿ ದೊರೆಯಿತು.

ಯಾವ ಕದನಗಳಿಗೆ ಬೆಳ್ಳಿಪಟ್ಟಿ ಸಲ್ಲಬೇಕೆಂಬುದನ್ನು ನಿರ್ಣಯಿಸಲು ಅಡ್ಮಿರಲ್ ಸರ್ ಥಾಮಸ್ ಬೈಯಮ್ ಮಾರ್ಟಿನ್ನನ ನಾಯಕತ್ವದಲ್ಲಿ ಒಂದು ಸಮಿತಿ ನೇಮಕವಾಯಿತು. ಹಿಂದೆ ಚಿನ್ನದ ಪದಕಕ್ಕೆ ಪಾತ್ರವಾದ ಮಹಾಸಮರಗಳಷ್ಟೇ ಅಲ್ಲದೆ, ಎರಡು ಹಡಗುಗಳ ದ್ವಂದ್ವಯುದ್ಧಗಳೂ, ಕತ್ತಲೆಯಲ್ಲಿ ದೋಣಿಗಳನ್ನು ಹುಟ್ಟುಹಾಕಿಕೊಂಡು ಹೋಗಿ ವೈರಿಯ ಬಂದರಿನೊಳಗಿಂದ ಹಡಗನ್ನು ಸೆಳೆದು ತಂದ ಸಾಹಸಗಳೂ ಯಾದಿಯನ್ನು ಸೇರಿದುವು. ಈ ದೋಣಿಕಾರ್ಯಗಳಿಗೇ 55 ಪಟ್ಟಿಗಳು ಮೀಸಲಾದುವು. ಭಾರತದ ಸಮುದ್ರಗಳೂ ಇದರಿಂದ ಹೊರಗುಳಿಯಲಿಲ್ಲ: 1799ರ ಫೆಬ್ರವರಿ 28ರಂದು ಬಂಗಾಳ ಕೊಲ್ಲಿಯಲ್ಲಿ ಫೋರ್ಟ್ ಎಂಬ ಫ್ರೆಂಚ್ ನೌಕೆಯನ್ನು ಗೆದ್ದ ಸಿಬಿಲ್ ನೌಕೆಯ ಜನಕ್ಕೆ ಪ್ರತ್ಯೇಕ ಪಟ್ಟಿಯೊಂದುಂಟು. ಮುಂದೆ 1816ರ ಆಲ್ಜಿಯರ್ಸ್, 1827ರ ನವರೀನೋ, 1840ರ ಸಿರಿಯಾ ಕಾರ್ಯಾಚರಣೆಗಳನ್ನೂ ಸೇರಿಸಿದ ಬಳಿಕ ಪಟ್ಟಿಗಳ ಒಟ್ಟು ಸಂಖ್ಯೆ 230ರ ಆಸುಪಾಸಿಗೆ ಏರಿತು.

ನವರೀನೋ ಸಮರದ ಪಟ್ಟಿಯನ್ನು ಕಂಡಾಗ ಪಶ್ಚಿಮ ಕರಾವಳಿಯವರು ಒಂದು ವಿಷಯವನ್ನು ನೆನೆಯಬೇಕು. ಗ್ರೀಸಿನ ಸ್ವಾತಂತ್ರ್ಯಕ್ಕೆ ದಾರಿಮಾಡಿಕೊಟ್ಟ ಆ ಸಮರದಲ್ಲಿ ಬ್ರಿಟಿಷ್ ಅಡ್ಮಿರಲ್ ಕಾಡ್ರಿಂಗ್ಟನ್ನನ ಧ್ವಜನೌಕೆಯಾಗಿದ್ದ ಏಷಿಯಾ, ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರ್ಸಿಗಳಾದ ವಾಡಿಯಾ ಮನೆತನದವರು ತೇಗದಿಂದ ಕಟ್ಟಿ 1824ರಲ್ಲಿ ನೀರಿಗಿಳಿಸಿದ ಹಡಗು. ಆಲ್ಜಿಯರ್ಸಿನ ಕೋಟೆಗಳಿಗೆ ಎದುರಾಗಿ ನಿಂತ ಮಿಂಡನ್ ಸಹ ಮುಂಬಯಿಯದೇ. ಆ ಹಡಗುಕಟ್ಟೆಗೆ ತೇಗವು ಬರುತ್ತಿದ್ದುದು ಮುಖ್ಯವಾಗಿ ಮಲಬಾರ್ ಮತ್ತು ಕೆನರಾ ಸೀಮೆಗಳ ಘಟ್ಟದ ಕಾಡುಗಳಿಂದ. ಓಕ್ ಮರದ ಹಡಗುಗಳು ಕೊಳೆತು ಶಿಥಿಲವಾಗುತ್ತಿದ್ದಾಗ, ತೇಗದ ಈ ಹಡಗುಗಳು ದಶಕಗಳ ಕಾಲ ನೀರಿನಲ್ಲಿ ದೃಢವಾಗಿ ನಿಂತು, ತಮ್ಮನ್ನು ನಂಬಿದ ನಾವಿಕರ ಪ್ರಾಣವನ್ನು ಕಾಪಾಡಿದುವು.

ಇನ್ನು ಪದಕ ಯಾರ ಕೈ ಸೇರಿತೆಂಬುದನ್ನು ನೋಡೋಣ. ಅದನ್ನು ಪಡೆಯುವುದಕ್ಕೆ ಎರಡು ನಿಬಂಧನೆಗಳಿದ್ದುವು: ಬದುಕಿರಬೇಕು, ಮತ್ತು ತಾನಾಗಿ ಅರ್ಜಿ ಹಾಕಬೇಕು. ನಾವಿಕರಲ್ಲಿ ಎಷ್ಟೋ ಮಂದಿಗೆ ಓದುಬರಹವಿರಲಿಲ್ಲ; ಪ್ರಕಟಣೆಯ ಸುದ್ದಿಯೇ ಕಿವಿಗೆ ಬೀಳದ ಹಳ್ಳಿಗಳಲ್ಲಿಯೂ ಪರದೇಶಗಳಲ್ಲಿಯೂ ಅನೇಕರು ನೆಲಸಿದ್ದರು; ಬೇರೆ ಹೆಸರಿನಿಂದ ಸೇವೆ ಮಾಡಿದವರೂ, ಹಡಗನ್ನು ಬಿಟ್ಟು ಓಡಿದವರೂ ಇದ್ದರು. ಟ್ರಫಾಲ್ಗರಿನಲ್ಲಿ ಬ್ರಿಟಿಷರ ಪಕ್ಷದಲ್ಲಿ ಹೋರಾಡಿದ ಸುಮಾರು 18,000 ಜನರಲ್ಲಿ ಪದಕ ಪಡೆದವರು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನೈಲ್ ಸಮರದ ಪಟ್ಟಿಯನ್ನು ಪಡೆದವರು ಮುನ್ನೂರಕ್ಕೆ ತುಸು ಮೇಲೆ. ಇದಕ್ಕೆ ಪ್ರತಿಯಾಗಿ, ಏಳೆಂಟು ವರ್ಷಗಳ ಹಿಂದೆಯಷ್ಟೇ ನಡೆದಿದ್ದ ಸಿರಿಯಾ ಕಾರ್ಯಾಚರಣೆಯ ಪಟ್ಟಿಗೆ ಸುಮಾರು 7,000 ಜನ ಬಂದರು. ಒಟ್ಟಿನಲ್ಲಿ ಹೊರಟ ಪದಕಗಳು ಸುಮಾರು 21,000. ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಒಂದೇ ಪಟ್ಟಿಯವು. ಕೆಲವು ಸಣ್ಣ ಕದನಗಳ ಪಟ್ಟಿಗಳನ್ನು ಕೇಳಲು ಒಬ್ಬ ಮನುಷ್ಯನೂ ಉಳಿದಿರಲಿಲ್ಲ. ಶೌರ್ಯದ ಯಾದಿಯೆಂದು ನಾವು ತಿಳಿಯುವ, ಪದಕ ಪಡೆದವರ ಈ ದಾಖಲೆಯು ವಾಸ್ತವದಲ್ಲಿ ದೀರ್ಘಾಯುಷ್ಯದ ಯಾದಿಯೂ ಆಗಿದೆ.

ಹೆಂಗಸರ ವಿಷಯದಲ್ಲಿ ರಾಜ್ಯವು ನಡೆದುಕೊಂಡ ರೀತಿಯನ್ನು ನೆನೆದರೆ ಮನಸ್ಸು ನೋಯುತ್ತದೆ. ನೈಲ್ ಸಮರದಲ್ಲಿದ್ದ ಆನ್ ಹಾಪಿಂಗ್ ಮತ್ತು ಮೇರಿ ಆನ್ ರೈಲಿ, ಟ್ರಫಾಲ್ಗರಿನಲ್ಲಿ ಡಿಫಯನ್ಸ್ ನೌಕೆಯಲ್ಲಿದ್ದ ಜೇನ್ ಟೌನ್‌ಷೆಂಡ್, ಈ ಮೂವರು ವೃದ್ಧೆಯರು ಅರ್ಜಿ ಹಾಕಿದರು. ರಾಣಿಯ ಪ್ರಕಟಣೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದೂ, ಟೌನ್‌ಷೆಂಡಳ ಸೇವೆಗೆ ಉತ್ತಮವಾದ ಪ್ರಮಾಣಪತ್ರಗಳಿವೆಯೆಂದೂ, ಆದುದರಿಂದ ಅವಳು ಪದಕಕ್ಕೆ ಪೂರ್ಣ ಅರ್ಹಳೆಂದೂ ಸಮಿತಿಯು ಮೊದಲು ಟಿಪ್ಪಣಿ ಬರೆಯಿತು. ಆ ಮೇಲೆ ಅಭಿಪ್ರಾಯ ಬದಲಾಯಿತು: ಅಂತಹ ಉಪಯುಕ್ತರಾದ ಸ್ತ್ರೀಯರು ನೌಕಾಪಡೆಯಲ್ಲಿ ಬೇಕಾದಷ್ಟು ಮಂದಿ ಇದ್ದರು, ಒಬ್ಬಳಿಗೆ ಕೊಟ್ಟರೆ ಅಸಂಖ್ಯಾತ ಅರ್ಜಿಗಳು ಬಂದಾವೆಂಬ ಕಾರಣದಿಂದ ಮೂವರಿಗೂ ನಿರಾಕರಿಸಲಾಯಿತು. ಸೇವೆ ಮಾಡಿದವರು ಬಹಳವಾಗಿದ್ದರೆಂಬುದೇ ಗೌರವವನ್ನು ನಿರಾಕರಿಸಲು ಹೇತುವಾದುದು ಎಂತಹ ತರ್ಕ! ಅದೇ ವೇಳೆಗೆ, 1794ರ ಜೂನ್ 1ರ ಸಮರದ ದಿನಗಳಲ್ಲಿ ಟ್ರಿಮೆಂಡಸ್ ನೌಕೆಯಲ್ಲಿ ಹುಟ್ಟಿ, ಹಡಗಿನ ಹೆಸರನ್ನೇ ತನ್ನ ಹೆಸರಿನ ನಡುವೆ ಧರಿಸಿದ ಡೇನಿಯಲ್ ಟ್ರಿಮೆಂಡಸ್ ಮೆಕೆಂಜಿಗೆ ಪದಕ ಸಂದಿತು. ಯಾದಿಯಲ್ಲಿ ಅವನ ದರ್ಜೆ ಶಿಶು ಎಂದೇ ನಮೂದಾಯಿತು. ಆ ಮಗುವಿಗೆ ಸಂದದ್ದು ನನಗೆ ಸಂತೋಷವೇ. ಆದರೆ ಅವನನ್ನು ಆ ಗದ್ದಲದ ನಡುವೆ ಹೆತ್ತ ತಾಯಿಗೂ, ಅವಳಂತಹ ಇತರರಿಗೂ ಅದೇ ಹಕ್ಕು ಏಕಿರಬಾರದಿತ್ತು?

ಜಾನ್ ನಿಕಲನಿಗಾದರೂ ಬಂದಿತೆ? ಇಲ್ಲ. 1801ರಲ್ಲಿ ಬಿಡುಗಡೆ ಹೊಂದಿ ಊರಿಗೆ ಮರಳಿದ ಅವನು, ಯುದ್ಧ ಮತ್ತೆ ಆರಂಭವಾಗಲು, ತನ್ನನ್ನು ಪುನಃ ಹಿಡಿದೊಯ್ಯುವರೆಂಬ ಭಯದಿಂದ ಪಟ್ಟಣವನ್ನು ತೊರೆದು ವರ್ಷಗಟ್ಟಲೆ ಹಳ್ಳಿಗಾಡಿನಲ್ಲಿ ಅಡಗಿ ಬಾಳಿದನು. ಮುಪ್ಪಿನಲ್ಲಿ ವಿಶ್ರಾಂತಿವೇತನವನ್ನು ಬೇಡಲು ಲಂಡನ್ನಿನವರೆಗೂ ಹೋದರೂ ಬರಿಗೈಯಲ್ಲಿ ಹಿಂದಿರುಗಿದನು. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನ ಜಾನ್ ಹೋವೆಲ್ ಎಂಬ ಸಹೃದಯನು ಅವನನ್ನು ಕಂಡದ್ದು ಎಡಿನ್‌ಬರೋ ನಗರದ ಬೀದಿಯಲ್ಲಿ. ಒಲೆ ಹೊತ್ತಿಸಲು, ಗಾಡಿಗಳಿಂದ ಉದುರಿದ ಕಲ್ಲಿದ್ದಲಿನ ಚೂರುಗಳನ್ನು ಆ ಮುದುಕ ಆಯ್ದುಕೊಳ್ಳುತ್ತಿದ್ದನು. ಹೋವೆಲ್ ಅವನ ಬಾಯಿಂದ ಕಥೆಯನ್ನು ಬರೆದುಕೊಂಡು 1822ರಲ್ಲಿ ಪುಸ್ತಕವಾಗಿ ಪ್ರಕಟಿಸಿ, ಕೊನೆಯ ದಿನಗಳಲ್ಲಿ ಅವನಿಗೆ ಕಿಂಚಿತ್ ಆಸರೆಯನ್ನು ಒದಗಿಸಿದನು. 1825ರಲ್ಲಿ ನಿಕಲ್ ತೀರಿಕೊಂಡನು. ಸೇಂಟ್ ವಿನ್ಸೆಂಟ್ ಮತ್ತು ನೈಲ್ ಎಂಬ ಎರಡು ಪಟ್ಟಿಗಳಿಗೆ ಹಕ್ಕುದಾರನಾಗಿದ್ದ ಅವನು ಸಾಯುವ ವೇಳೆಗೆ ಪದಕದ ಯೋಚನೆ ಆಚರಣೆಗೆ ಬರಲು ಇನ್ನೂ 22 ವರ್ಷಗಳಿದ್ದುವು. ವಾಟರ್ಲೂ ಪದಕದಂತೆ ಮಡಿದವರ ಮನೆಯವರಿಗೆ ಸಲ್ಲುವ ಏರ್ಪಾಡೂ ಇದರಲ್ಲಿರಲಿಲ್ಲ.

ಪದಕವನ್ನು ಪಡೆದವರ ಹೆಸರನ್ನು ಅದರ ಅಂಚಿನಲ್ಲಿ ದಪ್ಪ ಅಕ್ಷರಗಳಿಂದ ಒತ್ತಿರುತ್ತಿದ್ದರು. ಅಧಿಕಾರಿಗಳಿಗಾದರೆ ಹೆಸರಿನೊಡನೆ ಪದವಿಯೂ ಉಂಟು; ಸಾಮಾನ್ಯ ನಾವಿಕನಿಗೆ ಬರಿಯ ಹೆಸರು, ಹಡಗಿನ ಹೆಸರು ಕೂಡ ಇಲ್ಲ. ಒಂದೇ ಹೆಸರಿನವರು ಒಂದೇ ಸಮರದಲ್ಲಿ ಹಲವರಿದ್ದಾಗ, ಈ ಪದಕ ಇಂಥವನದೇ ಎಂದು ನಿರ್ಧರಿಸುವುದು ಇಂದಿನ ಸಂಶೋಧಕರಿಗೆ ದುಸ್ತರ. ಆದರೂ ಹಡಗಿನ ಹಾಜರಿಪುಸ್ತಕಗಳನ್ನೂ ಪದಕದ ಯಾದಿಯನ್ನೂ ಎದುರಿಗಿಟ್ಟುಕೊಂಡು ಒಬ್ಬೊಬ್ಬನ ಜನ್ಮಸ್ಥಳ, ವಯಸ್ಸು, ಕಸುಬುಗಳನ್ನು ತಾಳ್ಮೆಯಿಂದ ಹುಡುಕಿ ತೆಗೆಯುವ ವಿದ್ವಾಂಸರೂ ಹವ್ಯಾಸಿಗಳೂ ಇಂದಿಗೂ ಇದ್ದಾರೆ. ಇಂತಹ ಪರಿಶ್ರಮದಿಂದಲೇ ಆ ನೌಕಾಪಡೆಯ ನಿಜಸ್ವರೂಪ ನಮಗೆ ತಿಳಿದುಬಂದಿದೆ: ಟ್ರಫಾಲ್ಗರಿನಲ್ಲಿ ನೆಲ್ಸನ್ನನ ವಿಕ್ಟರಿ ನೌಕೆಯೊಂದರಲ್ಲಿಯೇ ಇಂಗ್ಲಿಷರು, ಐರಿಷರು, ಸ್ಕಾಟರ ಜೊತೆಗೆ ಅಮೆರಿಕದವರು, ಡಚ್ಚರು, ಇಟಲಿಯವರು, ಮಾಲ್ಟಾದವರು, ವೆಸ್ಟ್ ಇಂಡೀಸಿನವರು, ಭಾರತದಲ್ಲಿ ಹುಟ್ಟಿದವರು ಕೂಡ ಇದ್ದರು. ಒಂದು ದೇಶದ ವಿಜಯವೆಂದು ಶಾಲೆಯ ಪುಸ್ತಕಗಳು ಸಾರುವ ಸಮರವನ್ನು ಗೆದ್ದುಕೊಟ್ಟವರು ಲೋಕದ ನಾನಾ ಕರಾವಳಿಗಳ ಬಡಮಕ್ಕಳು.

ಸಾಮ್ರಾಜ್ಯಗಳ ಯುದ್ಧಗಳನ್ನು ನಾವು ಮೆಚ್ಚಬೇಕಾಗಿಲ್ಲ; ಆ ನೌಕಾಬಲವೇ ನಮ್ಮ ದೇಶವನ್ನು ಬಹುಕಾಲ ಬಂಧನದಲ್ಲಿಟ್ಟಿತೆಂಬುದನ್ನು ಮರೆಯಬೇಕಾಗಿಯೂ ಇಲ್ಲ. ಆದರೆ ಯುದ್ಧವನ್ನು ಸಾರಿದವನು ಬೇರೆ, ಅದರ ಭಾರವನ್ನು ಹೊತ್ತವನು ಬೇರೆ. ಎರಡನೆಯವನ ಕಷ್ಟಕ್ಕೆ ಮರುಗುವುದಕ್ಕೆ ದೇಶಭೇದವು ಅಡ್ಡಿಯಾಗಲಾರದು. ಸಾಮಾನ್ಯ ನೌಕಾಸೇವಾ ಪದಕವು ಮಾನವಸಮಾಜಕ್ಕೆ ಎರಡು ಪಾಠಗಳನ್ನು ಹೇಳುತ್ತದೆಂದು ನಾನು ನಂಬಿದ್ದೇನೆ. ಮೊದಲನೆಯದು, ಕೂಡಿ ದುಡಿದವರಿಗೆ ಕೂಡಿದ ಗೌರವವೇ ಸಲ್ಲಬೇಕು, ಲೋಹದ ಅಂತರವು ಅಲ್ಲಿ ಸಲ್ಲದು ಎಂಬುದು. ಅದನ್ನು ಆ ಬೆಳ್ಳಿ ಸಾಧಿಸಿತು. ಎರಡನೆಯದು, ಕೃತಜ್ಞತೆಗೆ ಕಾಲವೊಂದುಂಟು ಎಂಬುದು. ಅದರಲ್ಲಿ ಆ ಬೆಳ್ಳಿ ಸೋತಿತು. ನಾಡಿಗಾಗಿ ದುಡಿದವನು ಹಸಿದಿರುವಾಗ ಅನ್ನವಾಗಿ, ರೋಗಿಯಾಗಿರುವಾಗ ಔಷಧವಾಗಿ, ಮುದುಕನಾದಾಗ ಆಸರೆಯಾಗಿ ಒದಗದ ಗೌರವವು, ಎಷ್ಟೇ ಸುಂದರವಾದ ಶಿಲ್ಪವಾಗಿ ಬಂದರೂ, ಸಲ್ಲಬೇಕಾದ ಋಣದ ಒಂದು ಅಂಶವನ್ನು ಮಾತ್ರ ತೀರಿಸಬಲ್ಲದು. ನಮ್ಮ ನಾಡಿನ ಸೇನೆಯಲ್ಲಿಯೂ, ಹಡಗು ರೈಲುಗಳಲ್ಲಿಯೂ, ಗಣಿ ಕಾರ್ಖಾನೆಗಳಲ್ಲಿಯೂ ದುಡಿದು ಹಿಂದೆ ಸರಿದ ಅಸಂಖ್ಯಾತ ಸಾಮಾನ್ಯರಿದ್ದಾರೆ. ಅವರಿಗೆ ಸಲ್ಲಬೇಕಾದುದನ್ನು ಅವರು ಅನುಭವಿಸಬಲ್ಲ ದಿನಗಳಲ್ಲಿಯೇ ಸಲ್ಲಿಸುವುದು, ಅವರು ಗತಿಸಿದ ಮೇಲೆ ಎತ್ತುವ ಯಾವ ಸ್ಮಾರಕಕ್ಕಿಂತಲೂ ಹಿರಿದಾದ ಧರ್ಮ.